ಒಂದು ಸೀಸನ್ ಹೊರದೇಶದಲ್ಲಿ ಸ್ಕೀ ಕಲಿಸೋಕೆ ಹೋಗಿ ಬಂದವರು ಯಾರಾದ್ರೂ ಇದ್ದೀರಾ?

ಸಕಲೇಶಪುರ ಘಾಟಿ:

ಎಲ್ಲರಿಗೂ ನಮಸ್ಕಾರ. ನನಗೆ 27. ಊರು ಸಕಲೇಶಪುರದ ಹತ್ತಿರ, ಮನೆಯಲ್ಲಿ ಆರು ಎಕರೆ ಕಾಫಿ ಇದೆ. ಗುಲ್ಮಾರ್ಗ್‌ನಲ್ಲಿ ಎರಡು ಕೋರ್ಸ್ ಮುಗಿಸಿದ್ದೇನೆ, ಪ್ಯಾರಲಲ್ ಟರ್ನ್ (ಎರಡೂ ಸ್ಕೀ ಸಮಾನಾಂತರವಾಗಿ ಇಟ್ಟು ತಿರುಗುವುದು) ಬರುತ್ತದೆ. ಒಂದೇ ಒಂದು ಸೀಸನ್ ಹೊರದೇಶದಲ್ಲಿ ಸ್ಕೀ ಇನ್‌ಸ್ಟ್ರಕ್ಟರ್ ಆಗಿ ಕೆಲಸ ಮಾಡಬೇಕು ಅಂತ ಆಸೆ. ಕೈಯಲ್ಲಿ ಮೂರೂವರೆ ಲಕ್ಷ ಇದೆ. ಕನ್ನಡಕ ಹಾಕುತ್ತೇನೆ. ಕಾಲೇಜಲ್ಲಿ ಕಬಡ್ಡಿ ಆಡುವಾಗ ಎಡ ಮೊಣಕಾಲಿಗೆ ಪೆಟ್ಟಾಗಿತ್ತು, ಈಗ ನೋವಿಲ್ಲ. ಅಪ್ಪ ಇನ್ನೂ ಒಪ್ಪಿಲ್ಲ. ಯಾವ ದೇಶ ಒಳ್ಳೇದು, ಎಷ್ಟು ಖರ್ಚಾಗುತ್ತದೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಆಲ್ದೂರು ಹುಡುಗ:

ನಾನು 2025ರ ಸೀಸನ್ ಆಸ್ಟ್ರೇಲಿಯಾದಲ್ಲಿ ಮಾಡಿ ಬಂದೆ. ಲೆಕ್ಕ ಪುಸ್ತಕ ಇನ್ನೂ ಇಟ್ಟುಕೊಂಡಿದ್ದೇನೆ, ಅದನ್ನೇ ನೋಡಿ ಬರೆಯುತ್ತೇನೆ.

ಅಲ್ಲಿ ಸುತ್ತಾಡಿಕೊಂಡು ಕೆಲಸವನ್ನೂ ಮಾಡೋಕೆ ಬಿಡುವ 462 ವೀಸಾ ಭಾರತದವರಿಗೆ ಮೊದಲ ಸಲ ತೆರೆದಿದ್ದು 2024ರಲ್ಲಿ. ವರ್ಷಕ್ಕೆ ಸಾವಿರ ಜನಕ್ಕೆ ಮಾತ್ರ, ಅದೂ ಲಾಟರಿ. ಅಕ್ಟೋಬರ್‌ನಲ್ಲಿ 25 ಡಾಲರ್ ಕಟ್ಟಿ ಹೆಸರು ಹಾಕಿದೆ, ಬಂತು. ಆಮೇಲೆ ವೀಸಾ ಶುಲ್ಕ, ಆಗ 650 ಡಾಲರ್ ಇತ್ತು. ಎರಡೂ ಸೇರಿ ನಮ್ಮ ದುಡ್ಡಲ್ಲಿ 37 ಸಾವಿರ. ವಿಮಾನ ಹೋಗಿ ಬರೋಕೆ 78 ಸಾವಿರ. ಮೆಡಿಕಲ್, ಪೊಲೀಸ್ ಸರ್ಟಿಫಿಕೇಟ್, ಚಿಲ್ಲರೆ ಓಡಾಟ ಅಂತ 9 ಸಾವಿರ. ಅಂದರೆ ಹಿಮ ನೋಡುವ ಮೊದಲೇ 1,24,000 ಹೋಗಿತ್ತು.

ಅಲ್ಲಿ ಹೋದಮೇಲೆ ಗುಲ್ಮಾರ್ಗ್ ಸರ್ಟಿಫಿಕೇಟ್ ತೋರಿಸಿದೆ. ನೋಡಿ ನಗುತ್ತಲೇ ವಾಪಸ್ ಕೊಟ್ಟರು. ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಹೈರಿಂಗ್ ಕ್ಲಿನಿಕ್ (ಸ್ಕೀ ಶಾಲೆಯವರೇ ಕಲಿಸಿ, ಪರೀಕ್ಷೆ ಮಾಡಿ ಆರಿಸುವ ತರಬೇತಿ) ಮಾಡಬೇಕು, 1,400 ಡಾಲರ್. ಅಲ್ಲಿನ ಇನ್‌ಸ್ಟ್ರಕ್ಟರ್ ಸಂಘ ಎಪಿಎಸ್‌ಐ ಕೊಡುವ ಲೆವೆಲ್ ಒನ್ ಸರ್ಟಿಫಿಕೇಟ್‌ಗೆ ಇನ್ನೊಂದು 900. ಬೂಟು 640, ಒಳಗೆ ಹಾಕುವ ಫುಟ್‌ಬೆಡ್ 220. ಬೂಟಿನಲ್ಲಿ ಮಾತ್ರ ಯಾರೂ ಉಳಿಸೋಕೆ ಹೋಗಬೇಡಿ. ನಾನು ಮೊದಲ ವಾರ ಬಾಡಿಗೆ ಬೂಟು ಹಾಕಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋದವು.

ಇದ್ದದ್ದು ಹಿಮಬೆಟ್ಟದ ಹತ್ತಿರದ ಜಿಂಡಬೈನ್ ಅನ್ನುವ ಊರಲ್ಲಿ. ಒಂದು ರೂಮಲ್ಲಿ ನಾಲ್ಕು ಜನ, ವಾರಕ್ಕೆ ತಲೆಗೆ 265 ಡಾಲರ್. ಹದಿನಾರು ವಾರಕ್ಕೆ 4,240. ಅಡುಗೆ ನಾವೇ ಮಾಡಿಕೊಂಡು ವಾರಕ್ಕೆ 110, ಒಟ್ಟು 1,760.

ಈಗ ಆದಾಯ. ಗಂಟೆಗೆ 32 ಡಾಲರ್ ಅಂದಾಗ ನಾನು ಕುಣಿದಾಡಿದ್ದೆ. ಆದರೆ ಪಾಠ ಇದ್ದ ಗಂಟೆಗೆ ಮಾತ್ರ ದುಡ್ಡು. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಲ್ಲಬೇಕು, ಹಳಬರಿಗೆ ಮೊದಲು ಕ್ಲಾಸು. ಉಳಿದವರು ವಾಪಸ್. ಜೂನ್‌ನಲ್ಲಿ ಹಿಮವೇ ಸಾಲದು, ಮೂರು ವಾರಕ್ಕೆ 25 ಗಂಟೆ ಸಿಕ್ಕಿತು. ಜುಲೈನಲ್ಲಿ ಶಾಲೆಗೆ ರಜೆ, ಆಗ ಉಸಿರಾಡೋಕೂ ಬಿಡುವಿಲ್ಲ. ಸೀಸನ್ ಪೂರ್ತಿ 353 ಗಂಟೆ, 11,300 ಡಾಲರ್. ಈ ವೀಸಾದವರಿಗೆ ಮೊದಲ ಡಾಲರ್‌ನಿಂದಲೇ 15% ತೆರಿಗೆ. ನಿವೃತ್ತಿ ನಿಧಿ ಅಂತ ಮಾಲೀಕರು ಸುಮಾರು 1,350 ಕಟ್ಟಿದ್ದರು, ದೇಶ ಬಿಟ್ಟಮೇಲೆ ಅದನ್ನು ಕೇಳಿದರೆ 65% ಹಿಡಿದುಕೊಳ್ಳುತ್ತಾರೆ. ನನಗೆ ಬಂದದ್ದು 470.

ಎಲ್ಲ ಕಳೆದು ಕೂಡಿ ನೋಡಿದರೆ 74 ಸಾವಿರ ಕೈಯಿಂದ ಹೋಯಿತು. ಆದರೂ ಹೇಳುತ್ತೇನೆ, ನನ್ನ ಜೀವನದ ಒಳ್ಳೆಯ ನಾಲ್ಕು ತಿಂಗಳು ಅದು. ಐದು ವರ್ಷದ ಒಬ್ಬಳು ಹುಡುಗಿ ಮೂರು ದಿನ ಮ್ಯಾಜಿಕ್ ಕಾರ್ಪೆಟ್ (ನಿಂತವರನ್ನು ಮೇಲಕ್ಕೆ ಒಯ್ಯುವ ಚಲಿಸುವ ಪಟ್ಟಿ) ಹತ್ತೋಕೂ ಅಳುತ್ತಿದ್ದಳು. ಕೈಗವಸು ಬಿಚ್ಚಿ ನನ್ನ ಕೈಗೆ ಕೊಟ್ಟು, ಮನೆಗೆ ಹೋಗಬೇಕು ಅನ್ನುತ್ತಿದ್ದಳು. ನಾಲ್ಕನೇ ದಿನ ಸ್ಕೀ ತುದಿ ಎರಡೂ ಕೂಡಿಸಿ ಪಿಜ್ಜಾ ತುಂಡಿನ ಆಕಾರ ಮಾಡಿಕೊಂಡು, ಕೆಳಗಿನವರೆಗೂ ಒಬ್ಬಳೇ ಇಳಿದಳು. ನಿಂತ ತಕ್ಷಣ ತಿರುಗಿ ನನ್ನನ್ನೇ ನೋಡಿದಳು. ಆ ಮುಖ ಮರೆಯೋಕೆ ಆಗಲ್ಲ.

ಅರಸೀಕೆರೆ ತೆಂಗು:

74 ಸಾವಿರ ಕಳೆದುಕೊಂಡು ಬಂದು ಬೇರೆಯವರಿಗೂ ಹೋಗಿ ಅಂತ ಹೇಳುವುದು ಸರಿಯಲ್ಲ. ನಾನು ನಾಲ್ಕು ಚಳಿಗಾಲ ಗುಲ್ಮಾರ್ಗ್‌ನಲ್ಲೇ ಕೆಲಸ ಮಾಡಿದ್ದೇನೆ. ವೀಸಾ ಇಲ್ಲ, ಲಾಟರಿ ಇಲ್ಲ. ಅರಸೀಕೆರೆಯಲ್ಲಿ ರೈಲು ಹತ್ತಿದರೆ ಆಯಿತು, ಜಮ್ಮು ತನಕ ಸ್ಲೀಪರ್‌ನಲ್ಲೇ ಹೋಗಿದ್ದೇನೆ. ಕಾಶ್ಮೀರಿ ಹುಡುಗರ ಮನೆಯಲ್ಲಿ ಇದ್ದೆ, ಅವರ ಜೊತೆ ಕಂಗ್ರಿ (ಕೆಂಡ ತುಂಬಿದ ಮಡಕೆ) ಹಿಡಿದು ಕೂತು ಅನ್ನ ತಿಂದೆ. ಅವರು ಸ್ಕೀ ಮಾಡುವುದನ್ನು ನೋಡಬೇಕು ನೀವು. ಯಾವ ದೇಶದ ಲೆವೆಲ್ ಸರ್ಟಿಫಿಕೇಟೂ ಅವರ ಮುಂದೆ ನಿಲ್ಲಲ್ಲ.

ನಷ್ಟ ಆಗಿಲ್ಲ ಅಂತ ಹೇಳಲ್ಲ. 2024ರ ಜನವರಿ ನನ್ನನ್ನು ಮುರಿದುಬಿಟ್ಟಿತು. ಡಿಸೆಂಬರ್ ಕೊನೆಗೆ ಹೋದೆ. ಇಡೀ ಜನವರಿ ಗುಲ್ಮಾರ್ಗ್ ಒಣಗಿದ ಹುಲ್ಲು. ಬಂದ ಪ್ರವಾಸಿಗಳು ಕುದುರೆ ಹತ್ತಿ ಫೋಟೋ ತೆಗೆಸಿಕೊಂಡು ಹೋದರು. ತಿಂಗಳ ಕೊನೆಗೆ ಹಿಮ ಬಿತ್ತು, ಅಷ್ಟರಲ್ಲಿ ನನ್ನ ಕೈಯಲ್ಲಿದ್ದ 31 ಸಾವಿರ ಖಾಲಿ. ಮುಂದಿನ ವರ್ಷವೂ ಹಾಗೇ. ಹಿಮ ಇಲ್ಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಯನ್ನೇ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೆ ಹಾಕಿದರು. ಆದರೂ ನಮ್ಮ ದೇಶದ ಹಿಮ ಅದು. ನಮ್ಮ ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅಲ್ಲೇ ಸ್ಕೀ ಮಾಡಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ.

ಆಲ್ದೂರು ಹುಡುಗ:

ಅಣ್ಣಾ, ಭವಾನಿಯವರ ಮೇಲೆ ನನಗೂ ತುಂಬಾ ಗೌರವ. ಆದರೆ ಅವರದ್ದು ಕ್ರಾಸ್ ಕಂಟ್ರಿ, ಹಿಮದ ಮೇಲೆ ದೂರ ಸಾಗುವ ಓಟ. ಅದರಲ್ಲಿ ಹಿಮ್ಮಡಿ ಬಿಟ್ಟಿರುತ್ತದೆ, ಸ್ಕೀ ಸಪೂರ, ಬೂಟು ಮೆತ್ತಗೆ. ಇವರು ಕೇಳಿದ್ದು ಆಲ್ಪೈನ್, ಬೆಟ್ಟದಿಂದ ಕೆಳಗೆ ಇಳಿಯುವುದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಇನ್ನೊಂದು ಮಾತು, ಒಂದು ತಿಂಗಳು ಹಿಮವೇ ಇಲ್ಲದೆ ಕೂತವರು ನನ್ನ ಲೆಕ್ಕಕ್ಕೆ ಬೆರಳು ತೋರಿಸುವುದು ಬೇಡ.

ಅರಸೀಕೆರೆ ತೆಂಗು:

ವ್ಯತ್ಯಾಸ ನನಗೂ ಗೊತ್ತು. ನಾಲ್ಕು ಚಳಿಗಾಲ ಹಿಮದಲ್ಲಿ ಕಳೆದವನಿಗೆ ಒಂದು ಸೀಸನ್ ಮಾಡಿದವರು ಪಾಠ ಹೇಳಬೇಕಾಗಿಲ್ಲ.

ಹಾಸನದ ಅಕ್ಕ:

ಇಬ್ಬರೂ ಸ್ವಲ್ಪ ಸುಮ್ಮನಿರಿ. ದುಡ್ಡು ಹೋದರೆ ಬರುತ್ತದೆ. ನನ್ನ ಕಥೆ ಕೇಳಿ.

ನಮ್ಮವರಿಗೆ ಕೆನಡಾದ ಕ್ಯಾಲ್ಗರಿಯಲ್ಲಿ ಕೆಲಸ, ನನಗೆ ಓಪನ್ ವರ್ಕ್ ಪರ್ಮಿಟ್, ಅಂದರೆ ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು. 2022ರ ಚಳಿಗಾಲ ಅಲ್ಲಿನ ಸ್ಕೀ ಇನ್‌ಸ್ಟ್ರಕ್ಟರ್ ಸಂಘ ಸಿಎಸ್‌ಐಎಯ ಲೆವೆಲ್ ಒನ್ ಮುಗಿಸಿದೆ. ಮೂರು ದಿನದ ಕೋರ್ಸು, ಪಾಸಾದಾಗ ಹಾಸನಕ್ಕೆ ಫೋನ್ ಮಾಡಿ ಅಮ್ಮನ ಹತ್ತಿರ ಅತ್ತಿದ್ದೆ. ಶನಿವಾರ ಭಾನುವಾರ ಕ್ಲಾಸು, ಗಂಟೆಗೆ 17.50 ಡಾಲರ್. ಮೈನಸ್ 28ರಲ್ಲೂ ಕಲಿಸಿದ್ದೇನೆ. ರೆಪ್ಪೆ ಮೇಲೆ ಮಂಜು ಕಟ್ಟುತ್ತಿತ್ತು.

ಫೆಬ್ರವರಿಯಲ್ಲಿ ಒಂದು ಬುಧವಾರ, ರಜೆ ದಿನ, ಸುಮ್ನೆ ಗೆಳತಿಯರ ಜೊತೆ ಹೋದೆ. ಬೇರೆ ಸ್ಕೀ ಬಾಡಿಗೆಗೆ ತೆಗೆದುಕೊಂಡೆ. ಫಾರ್ಮ್‌ನಲ್ಲಿ ತೂಕ, ಎತ್ತರ, ವಯಸ್ಸು ಬರೆದು, ಯಾವ ಟೈಪ್ ಸ್ಕೀಯರ್ ಅಂತ ಕೇಳಿದ ಕಡೆ ಟೈಪ್ 3 (ಜೋರಾಗಿ ಇಳಿಯುವವರು) ಅಂತ ಗುರುತು ಹಾಕಿದೆ. ಇನ್‌ಸ್ಟ್ರಕ್ಟರ್ ಆಗಿ ಟೈಪ್ 2 (ಮಧ್ಯಮದವರು) ಅಂತ ಹಾಕೋಕೆ ಮನಸ್ಸು ಬರಲಿಲ್ಲ. ಅವರು ಅದಕ್ಕೆ ತಕ್ಕಂತೆ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಚ್ಚಿಕೊಳ್ಳುವ ಕೊಂಡಿ) ಬಿಗಿ ಮಾಡಿದರು. ಮಧ್ಯಾಹ್ನ ಮೂರು ಗಂಟೆ, ಬೆಳಕು ಮಂಕಾಗಿತ್ತು. ವೇಗವೂ ಇರಲಿಲ್ಲ. ಹಿಂದಕ್ಕೆ ಕೂತ ಹಾಗೆ ಬಿದ್ದೆ, ಬಲಗಾಲಿನ ಸ್ಕೀ ಬಿಚ್ಚಲಿಲ್ಲ, ಕಾಲು ಒಳಗೆ ತಿರುಚಿತು. ಒಣಗಿದ ಕಡ್ಡಿ ಮುರಿದ ಹಾಗೆ ಒಂದು ಸದ್ದು. ಮೊಣಕಾಲಿನೊಳಗಿನ ಎಸಿಎಲ್ ಅನ್ನುವ ಕಟ್ಟು ಪೂರ್ತಿ ಹರಿದಿತ್ತು, ಜೊತೆಗೆ ಮೆನಿಸ್ಕಸ್ ಅನ್ನುವ ಮೆತ್ತೆಯೂ.

ಕೆಲಸದ ಹೊತ್ತಲ್ಲಿ ಬಿದ್ದಿದ್ದರೆ ಕಾರ್ಮಿಕರ ಪರಿಹಾರ ಸಿಗುತ್ತಿತ್ತು. ರಜೆ ದಿನ, ಆದ್ದರಿಂದ ಇಲ್ಲ. ಅಲ್ಲಿ ಆಪರೇಷನ್‌ಗೆ ಸರದಿ ಉದ್ದ. ಬೆಂಗಳೂರಿಗೆ ಬಂದು ಮಾಡಿಸಿದೆ, 2,35,000. ಫಿಸಿಯೋಗೆ ಒಂದು ಸಲಕ್ಕೆ 700, ನಲವತ್ತೆಂಟು ಸಲ ಹೋದೆ, 33,600. ಒಂದೂವರೆ ವರ್ಷದ ಮೇಲೆ ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಿದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಕಾಲು ನಡುಗಿ, ಅಮ್ಮನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಅಷ್ಟೂ ಮೆಟ್ಟಿಲು.

ಅರಸೀಕೆರೆ ತೆಂಗು:

ಅಕ್ಕಾ, ಕೇಳಿ ಬೇಜಾರಾಯಿತು. ಆದರೆ ತಪ್ಪು ನಿಮ್ಮದೇ ಅಲ್ವಾ. ಟೈಪ್ 3 ಹಾಕಬಾರದಿತ್ತು.

ಹಾಸನದ ಅಕ್ಕ:

ತಪ್ಪು ಅಂತ ನಾನೇ ಬರೆದಿದ್ದೇನಲ್ಲ, ನೀವು ಅದನ್ನು ಮತ್ತೆ ಎತ್ತಿ ತೋರಿಸಬೇಕಿತ್ತಾ? ಡಾಕ್ಟರ್ ಹೇಳಿದ್ದು ಕೇಳಿ. ಬೈಂಡಿಂಗ್ ಇರುವುದು ಮುಖ್ಯವಾಗಿ ಕಾಲಿನ ಮೂಳೆ ಮುರಿಯದಿರಲಿ ಅಂತ. ನಿಧಾನಕ್ಕೆ ಹಿಂದಕ್ಕೆ ಬಿದ್ದು ತಿರುಚಿದರೆ ಟೈಪ್ 2 ಇದ್ದರೂ ಮೊಣಕಾಲು ಉಳಿಯುತ್ತದೆ ಅಂತ ಖಾತ್ರಿ ಇಲ್ಲ. ಮೂರು ವರ್ಷದಿಂದ ಎಲ್ಲರೂ ನಿನ್ನದೇ ತಪ್ಪು ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.

ಮೂಡಿಗೆರೆ ತೋಟದವನು:

ನಾನು ಹೋದವನಲ್ಲ, ಹೋದವನ ಅಣ್ಣ. ಮನೆಯಲ್ಲಿ ಉಳಿದವರ ಅನುಭವವನ್ನೂ ಒಬ್ಬರು ಹೇಳಬೇಕು.

ತಮ್ಮ ಆಸ್ಟ್ರಿಯಾದಲ್ಲಿ ಓದುತ್ತಿದ್ದ. ಪ್ರತಿ ಡಿಸೆಂಬರ್ ಕೊಯ್ಲಿಗೆ ಊರಿಗೆ ಬರುತ್ತಿದ್ದ. ಒಂದು ವರ್ಷ ಫೋನ್ ಮಾಡಿ, ಆನ್ವೆರ್ಟರ್ (ಸ್ಕೀ ಕಲಿಸುವವರ ಮೊದಲ ಹಂತದ) ಕೋರ್ಸ್ ಮಾಡಿದ್ದೇನೆ, ಸ್ಕೀ ಶಾಲೆಯಲ್ಲಿ ಸೇರುತ್ತೇನೆ, ಈ ಸಲ ಬರಲ್ಲ ಅಂದ. ಅಪ್ಪನಿಗೆ ಆಗ ತಾನೇ ಕಣ್ಣಿನ ಆಪರೇಷನ್ ಆಗಿತ್ತು. ತೋಟದ ಲೆಕ್ಕ ನೋಡುವ ರೈಟರ್ ಕೆಲಸ ಬಿಟ್ಟು ಹೋಗಿದ್ದ. ಹದಿನೆಂಟು ಆಳು ಬರುತ್ತೇವೆ ಅಂದವರು ಏಳು ಜನ ಬಂದರು. ಕೆಜಿಗೆ 4 ರೂಪಾಯಿ ಇದ್ದ ಕೂಲಿ 6ಕ್ಕೆ ಹೋಯಿತು. ಹಗಲು ತೂಕ ಬರೆಯಬೇಕು, ರಾತ್ರಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮುಂದೆ ನಿಲ್ಲಬೇಕು, ಎಲ್ಲಾ ನಾನೊಬ್ಬನೇ. ಅದರ ಮೇಲೆ ಅಕಾಲ ಮಳೆ. ರಾತ್ರಿ ಎರಡು ಗಂಟೆಗೆ ತಗಡಿನ ಮೇಲೆ ಸದ್ದು ಕೇಳಿ ಕಣಕ್ಕೆ ಓಡಿದೆ. ಟಾರ್ಪಾಲ್ ಎಳೆಯೋಕೆ ಎರಡೂ ತುದಿಯಲ್ಲಿ ಜನ ಬೇಕು. ಒಂದು ತುದಿ ನಾನು, ಇನ್ನೊಂದು ತುದಿಗೆ ಅಮ್ಮ. ನಲವತ್ತು ಮೂಟೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿ ಬೀಜ) ನೆನೆದು ಬಣ್ಣ ಕೆಟ್ಟಿತು. ಬೆಳಿಗ್ಗೆ ಫೋನ್ ತೆಗೆದರೆ ತಮ್ಮ ಬೆಟ್ಟದ ಮೇಲೆ ನಿಂತ ಫೋಟೋ ಕಳಿಸಿದ್ದ. ಆ ಫೋಟೋ ಇವತ್ತಿಗೂ ನಾನು ನೋಡಿಲ್ಲ.

ಸಕಲೇಶಪುರದವರೇ, ಯೂರೋಪು, ಕೆನಡಾ, ಜಪಾನು ಎಲ್ಲಾ ಡಿಸೆಂಬರ್‌ನಿಂದ ಏಪ್ರಿಲ್. ನಮ್ಮ ಕೊಯ್ಲೂ ಆಗಲೇ. ನಿಮ್ಮಪ್ಪ ಯಾಕೆ ಒಪ್ಪಿಲ್ಲ ಅಂತ ಅವರ ಹತ್ತಿರ ಕೂತು ಕೇಳಿ.

ಆಲ್ದೂರು ಹುಡುಗ:

ಅದಕ್ಕೇ ನಾನು ಆಸ್ಟ್ರೇಲಿಯಾ ಅಂದಿದ್ದು. ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿ ಚಳಿಗಾಲ, ನಮ್ಮಲ್ಲಿ ಮಳೆಗಾಲ. ಮಳೆಗಾಲದಲ್ಲಿ ತೋಟದಲ್ಲಿ ಅಂಥಾ ಕೆಲಸ ಏನಿರುತ್ತದೆ? ನಾನು ನಿಶ್ಚಿಂತೆಯಿಂದ ಹೋಗಿ ಬಂದೆ.

ಮೂಡಿಗೆರೆ ತೋಟದವನು:

ಮಾರಾಯ, ಈ ಮಾತು ತೋಟದ ಮನೆಯಲ್ಲಿ ಹುಟ್ಟಿದವನು ಆಡಬಾರದು. ಮಳೆಗಾಲದಲ್ಲಿ ಕೆಲಸ ಇಲ್ವಾ? ಚರಂಡಿ ಬಿಡಿಸೋದು ಯಾರು? ಕೊಳೆ ರೋಗ ಬಂದ ಎಲೆ ಕಾಯಿ ಆರಿಸಿ ಸುಡೋದು ಯಾರು? ಬೆಳಕು ಬೀಳುವ ಹಾಗೆ ಗಿಡದ ನೆತ್ತಿ ಬಿಡಿಸಬೇಕು, ಚಿಗುರು ತೆಗೆಯಬೇಕು, ಮಳೆ ಬಿಡುವು ಕೊಟ್ಟಾಗ ಗೊಬ್ಬರ ಹಾಕಬೇಕು. ಸೆಪ್ಟೆಂಬರ್ ಬಂತು ಅಂದರೆ ಬೋರರ್ (ಕಾಂಡ ಕೊರೆಯುವ ಹುಳು) ಬಿದ್ದ ಗಿಡ ಗುರುತು ಮಾಡಿ ಕೀಳಬೇಕು. ಇಂಬಳ ಕಚ್ಚಿಸಿಕೊಂಡು ಇದನ್ನೆಲ್ಲಾ ನಿಮ್ಮ ಮನೆಯಲ್ಲಿ ಯಾರೋ ಮಾಡಿದ್ದಾರೆ. ಅದಕ್ಕೇ ನೀವು ನಿಶ್ಚಿಂತೆಯಾಗಿ ಇದ್ದಿರಿ.

ಆಲ್ದೂರು ಹುಡುಗ:

ನಮ್ಮದು ರೊಬಸ್ಟಾ ತಳಿಯ ಕಾಫಿ. ಬೋರರ್ ಕಾಟ ನಿಮ್ಮ ಅರೇಬಿಕಾಗೆ. ಅರೇಬಿಕಾ ಕಿತ್ತು ರೊಬಸ್ಟಾ ಹಾಕಿ ಅಂತ ಹತ್ತು ವರ್ಷದಿಂದ ಎಲ್ಲರೂ ಹೇಳುತ್ತಿದ್ದಾರೆ, ಕೇಳದೆ ಇದ್ದರೆ ಯಾರೇನು ಮಾಡೋಕೆ ಆಗುತ್ತದೆ?

ಮೂಡಿಗೆರೆ ತೋಟದವನು:

ನಮ್ಮ ತಾತ ನೆಟ್ಟ ಅರೇಬಿಕಾ ಅದು. ಸಿಲ್ವರ್ ಓಕ್ ಮಾತ್ರ ಅಲ್ಲ, ಹಲಸು, ಅತ್ತಿ, ನಂದಿ ಮರದ ನೆರಳಲ್ಲಿ ಬೆಳೆದಿದ್ದು. ಕೀಳೋಕೆ ನನಗೆ ಕೈ ಬರಲ್ಲ. ನೀವು ಫೆಬ್ರವರಿಯಲ್ಲಿ ಹಳ್ಳದ ನೀರೆಲ್ಲಾ ಸ್ಪ್ರಿಂಕ್ಲರ್‌ಗೆ ಎಳೆದುಕೊಂಡು ಹೂವು ಬಿಡಿಸುತ್ತೀರಿ, ಕೆಳಗಿನ ತೋಟದವರು ಏನು ಮಾಡಬೇಕು?

ಆಲ್ದೂರು ಹುಡುಗ:

ನಮ್ಮದು ಸ್ವಂತ ಕೆರೆ. ಹಳ್ಳಕ್ಕೆ ಒಂದು ದಿನವೂ ಪಂಪು ಇಳಿಸಿಲ್ಲ. ಗೊತ್ತಿಲ್ಲದೆ ಆರೋಪ ಮಾಡಬೇಡಿ.

ಆದರೆ ಮಳೆಗಾಲದ ಮಾತು ನಾನು ಹಿಂದೆ ತೆಗೆದುಕೊಳ್ಳುತ್ತೇನೆ. ಅಪ್ಪನೇ ಚರಂಡಿ ಬಿಡಿಸಿದ್ದು. ಆಗಸ್ಟ್‌ನಲ್ಲಿ ಒಂದು ದಿನ ಫೋನಲ್ಲಿ ಕೆಮ್ಮುತ್ತಿದ್ದರು, ಏನೂ ಇಲ್ಲ, ನೆನೆದೆ ಅಷ್ಟೇ ಅಂದರು. ಊರಿಗೆ ಬಂದಮೇಲೆ ತಿಳಿಯಿತು, ಒಂಬತ್ತು ದಿನ ಮಲಗಿದ್ದರಂತೆ.

ಹಾಸನದ ಅಕ್ಕ:

ಹುಡುಗನ ಮೊಣಕಾಲಿನ ವಿಷಯ ಯಾರೂ ಮಾತಾಡಲೇ ಇಲ್ಲ, ನಾನೂ ನನ್ನ ಕಥೆಯಲ್ಲೇ ಮುಳುಗಿದೆ. ತಮ್ಮಾ, ನೋವಿಲ್ಲ ಅಂದರೆ ಸಾಲದು. ಹೊರಡುವ ಮುಂಚೆ ಒಂದು ಎಂಆರ್‌ಐ ಮಾಡಿಸು. ವಿಮೆ ತೆಗೆದುಕೊಳ್ಳುವಾಗ ರಜೆ ದಿನದ ಸ್ಕೀಯೂ ಅದರಲ್ಲಿ ಸೇರಿದೆಯಾ ಅಂತ ಬರಹದಲ್ಲೇ ಕೇಳಿ ತಗೋ.

ಸಕಲೇಶಪುರ ಘಾಟಿ:

ಎಲ್ಲರಿಗೂ ಧನ್ಯವಾದ. ಅಕ್ಕಾ, ಸೋಮವಾರ ಹಾಸನಕ್ಕೆ ಬಂದು ಎಂಆರ್‌ಐ ಮಾಡಿಸುತ್ತೇನೆ. ಈ ಸಲದ ಕೊಯ್ಲು ಮುಗಿಯುವವರೆಗೂ ಎಲ್ಲಿಗೂ ಹೋಗಲ್ಲ ಅಂತ ಅಪ್ಪನಿಗೆ ಹೇಳಿದೆ. ಅವರು ಮಾತಾಡಲಿಲ್ಲ, ಆದರೆ ರಾತ್ರಿ ಊಟಕ್ಕೆ ಜೊತೆಗೆ ಕೂತರು. ಲಾಟರಿಗೆ ಹೆಸರು ಹಾಕುತ್ತೇನೆ. ಬಂದರೆ ಜೂನ್. ಆಲ್ದೂರು ಅಣ್ಣಾ, ನಿಮ್ಮ ಬೂಟು ಮಾರುತ್ತೀರಾ?

ಆಲ್ದೂರು ಹುಡುಗ:

ಕೊಡುತ್ತೇನೆ, ದುಡ್ಡು ಬೇಡ. ಸೈಜು 27.5. ಒಂದು ಹಾಳೆ ಮೇಲೆ ಬರಿಗಾಲಲ್ಲಿ ನಿಂತು, ಹಿಮ್ಮಡಿ ಗೋಡೆಗೆ ಒತ್ತಿ, ಉದ್ದದ ಬೆರಳಿನ ತುದಿಗೆ ಗೆರೆ ಹಾಕು. ಎಷ್ಟು ಸೆಂಟಿಮೀಟರ್ ಬರುತ್ತದೋ ಅದೇ ನಿನ್ನ ಸೈಜು. 27.5ಕ್ಕಿಂತ ಕಡಿಮೆ ಬಂದರೆ ಬೇಡ, ದೊಡ್ಡ ಬೂಟಲ್ಲಿ ಕಾಲು ಆಡುತ್ತದೆ, ಸ್ಕೀ ಮಾತು ಕೇಳಲ್ಲ.

ಸಕಲೇಶಪುರ ಘಾಟಿ:

ಅಳೆದೆ ಅಣ್ಣಾ. 26.5.

ಆಲ್ದೂರು ಹುಡುಗ:

ಹಾಗಾದರೆ ಬೇಡ. ಬೂಟಿಗೆ 50 ಸಾವಿರ ಬೇರೆ ತೆಗೆದಿಡು. ಜಾಕೆಟ್ಟು, ಗಾಗಲ್ಸು ನನ್ನದೇ ತಗೊಂಡು ಹೋಗು. ಗಾಗಲ್ಸು ದೊಡ್ಡದು, ಕನ್ನಡಕದ ಮೇಲೆ ಕೂರುತ್ತದೆ.