ಅಪ್‌ಡೇಟ್: ಉಪ್ಪುಜೌಗಿನ ಆ ಪುಟ್ಟ ಬಿಳಿ ಹೂವಿನ ಹೆಸರು ಸಿಕ್ಕಿತು

ಉಪ್ಪುಜೌಗಿನ ಅಂಚಲ್ಲಿ ಕಂಡ, 3 ಮಿ.ಮೀ. ಅಗಲದ ಬಿಳಿ ಹೂವಿನ ಗಿಡ ಯಾವುದು ಅಂತ ಹಿಂದಿನ ಪೋಸ್ಟ್‌ನಲ್ಲಿ ಫೋಟೋ ಹಾಕಿ ಕೇಳಿದ್ದೆನಲ್ಲ, ಅದು ಸ್ಯಾಮೋಲಸ್ ವ್ಯಾಲೆರಾಂಡಿ. ಸಾಸಿವೆ ಕುಟುಂಬದ್ದು ಅಂದುಕೊಂಡಿದ್ದೆ, ತಪ್ಪು. ಸಾಸಿವೆ ಹೂವಿಗೆ ನಾಲ್ಕೇ ಎಸಳು; ಇದಕ್ಕೆ ಐದು, ಅವೂ ಬುಡದಲ್ಲಿ ಕೂಡಿಕೊಂಡಿವೆ.

ನಿನ್ನೆ ಮತ್ತೆ ಹೋಗಿ, ಮಂಡಿ ಒದ್ದೆ ಮಾಡಿಕೊಂಡು ಲೆನ್ಸ್ ಹಿಡಿದೆ. ಗುರುತಿನ ಗುಟ್ಟು ಹೂವಿನಲ್ಲಲ್ಲ, ತೊಟ್ಟಿನಲ್ಲಿತ್ತು: ನೂಲಿನಂಥ ತೊಟ್ಟಿನ ಹೆಚ್ಚುಕಡಿಮೆ ನಡುವಿಗೆ ಒಂದು ಎಲೆಚೂರು, ಸರಿಯಾಗಿ ಅಲ್ಲೇ ತೊಟ್ಟು ಸಣ್ಣಗೆ ಬಾಗಿದೆ. ಹೂ ಸೀಳಿದರೆ ಅಂಡಾಶಯದ (ಬೀಜ ಕಟ್ಟುವ ಭಾಗ) ಕೆಳಗಿನ ಅರ್ಧ ಪುಷ್ಪಪಾತ್ರೆಗೆ (ಹೂವಿನ ಹೊರಗಿನ ಹಸಿರು ಬಟ್ಟಲು) ಅಂಟಿಕೊಂಡಿದೆ. ಈ ಗಿಡ ಸೇರುವ ಪ್ರಿಮ್ಯುಲಾ ಕುಟುಂಬದಲ್ಲಿ ಹೀಗೆ ಅಂಟಿಕೊಂಡಿರುವುದು ಅಪರೂಪ. ಬುಡದ ಎಲೆಗಳು ಚಮಚದಾಕಾರ, ನುಣುಪು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಹೆಸರಿಟ್ಟ ಗಿಡವಂತೆ!

ಬರೀ ಹೂವಿನ ಫೋಟೋ ಹಾಕಿದ್ದು ನನ್ನದೇ ಎಡವಟ್ಟು. ತೊಟ್ಟು ಕಾಣುವ ಹೊಸ ಫೋಟೋ ಸೇರಿಸಿದ್ದೇನೆ.