ರಾತ್ರಿ ಎಂಟರ ಮೇಲಿನ ಅವಳಿ ನಗರ: ಮಹಿಳಾ ಸುರಕ್ಷತೆಯನ್ನು ಅಳೆಯುವುದು ಹೇಗೆ?

ಮಾಳಮಡ್ಡಿ_ಓದುಗ:
ಎಂ.ಎ. ಕಿರುಪ್ರಬಂಧದ ವಿಷಯ ‘ಹುಬ್ಬಳ್ಳಿ-ಧಾರವಾಡದಲ್ಲಿ ಮಹಿಳಾ ಸುರಕ್ಷತೆ ಮತ್ತು ನಗರ ರಾಜಕಾರಣ’. ಸಮಯ ನಾಲ್ಕು ತಿಂಗಳು. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ) ವರದಿಯಿಂದ ಹತ್ತು ವರ್ಷದ ಅಂಕಿಸಂಖ್ಯೆ, ಜೊತೆಗೆ ನೂರು ಮಹಿಳೆಯರಿಗೆ ಪ್ರಶ್ನಾವಳಿ. ಇಷ್ಟು ಸಾಕೇ? ರಾಜಕಾರಣದ ಭಾಗವನ್ನು ಎಲ್ಲಿಂದ ಹಿಡಿಯಲಿ?

ಕಡತದ_ಹುಳ:
ಎನ್‌ಸಿಆರ್‌ಬಿಯ ಮಹಾನಗರ ಕೋಷ್ಟಕದಲ್ಲಿ ನಮ್ಮೂರು ಸಿಗುವುದಿಲ್ಲ. ಅದು 20 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 2011ರ ಜನಗಣತಿಯಲ್ಲಿ ಅವಳಿ ನಗರ ಸುಮಾರು 9.4 ಲಕ್ಷ. ಜಿಲ್ಲಾವಾರು ಕೋಷ್ಟಕ ನೋಡಿ. ಅಲ್ಲಿ ಅವಳಿ ನಗರದ ಪೊಲೀಸ್ ಕಮಿಷನರೇಟ್ ಒಂದು ಸಾಲು, ಧಾರವಾಡ ಜಿಲ್ಲೆ ಇನ್ನೊಂದು ಸಾಲು. ಎರಡನ್ನೂ ಕೂಡಿಸಿದರೆ ಕಲಘಟಗಿ, ನವಲಗುಂದದ ಹಳ್ಳಿಗಳೂ ‘ನಗರ’ ಆಗಿಬಿಡುತ್ತವೆ.

ಹತ್ತು ವರ್ಷದ ಗೆರೆ ಎಳೆಯುವ ಮೊದಲು ಎರಡು ಮಾತು. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೂ ಎನ್‌ಸಿಆರ್‌ಬಿ ಎಣಿಸುವುದು ಅತಿ ಗಂಭೀರವಾದ ಒಂದನ್ನೇ. ಕೊಲೆಗೆ ಮುಂಚೆ ಹಿಂಬಾಲಿಸಿದ್ದು ಅದೇ ಎಫ್‌ಐಆರ್‌ನಲ್ಲಿದ್ದರೆ ಆ ಕೋಷ್ಟಕದಲ್ಲಿ ಮಾಯ. ಎರಡನೆಯದು, 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಐಪಿಸಿ ಹೋಗಿ ಹೊಸದಾದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂತು. ಮಾನಭಂಗ, ಲೈಂಗಿಕ ಕಿರುಕುಳ, ಹಿಂಬಾಲಿಸುವುದು ಮೊದಲಾದವುಗಳ 354, 354ಎಯಿಂದ ಡಿ, 509 ಎಲ್ಲ ಈಗ 74ರಿಂದ 79ರವರೆಗಿನ ಕಲಮುಗಳು. 2024 ಒಂದೇ ವರ್ಷದಲ್ಲಿ ಎರಡೂ ಕಾನೂನು ಬೆರೆತಿವೆ. ಹೊಂದಿಸಿಕೊಳ್ಳದಿದ್ದರೆ ಗೆರೆ ಅಲ್ಲೇ ಮುರಿಯುತ್ತದೆ.

ಪೊಲೀಸ್ ಜಾಲತಾಣದಿಂದ ಎಫ್‌ಐಆರ್ ಇಳಿಸಿಕೊಂಡು ಎಣಿಸುವ ಆಸೆಯನ್ನಂತೂ ಬಿಡಿ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಲೈಂಗಿಕ ಅಪರಾಧದ ಎಫ್‌ಐಆರ್‌ಗಳನ್ನು ಅಲ್ಲಿ ಹಾಕುವುದಿಲ್ಲ. ನಿಮಗೆ ಬೇಕಾದದ್ದೇ ಅಲ್ಲಿರುವುದಿಲ್ಲ.

ಉಣಕಲ್_ಇಳಿಯೋರು:
ನೂರು ಪ್ರಶ್ನಾವಳಿ ಬ್ಯಾಡ್ರಿ, ಆರು ಹಾದಿ ಸಾಕು. ಬಿಆರ್‌ಟಿಎಸ್ (ಪ್ರತ್ಯೇಕ ಹಾದಿಯ ವೇಗದ ಬಸ್ಸು) ನಿಲ್ದಾಣದಾಗ ಬೆಳಕಿರತೈತಿ, ಅಲ್ಲೇ ಅಳದ್ರ ಊರೆಲ್ಲಾ ಛಲೋ ಕಾಣತೈತಿ. ಚಿಗರಿ ಅನ್ನೋ ಆ ಬಸ್ಸಿಂದ ಇಳದು ರಸ್ತೆ ದಾಟಿ ಮನಿ ಮುಟ್ಟೂತನ ಇರೋ ಅರ್ಧ ಕಿಲೋಮೀಟರ್ ಅಳೀರಿ. ಊರಿನ ಸುರಕ್ಷತೆ ಅಳೆಯೋ ಸೇಫ್ಟಿಪಿನ್ ಆ್ಯಪ್‌ನವರ ಒಂಬತ್ತು ಅಂಶ ತಗೋರಿ: ಬೆಳಕು, ತೆರಪು, ಅಕ್ಕಪಕ್ಕದ ಕಿಟಕಿ-ಅಂಗಡಿಯಿಂದ ರಸ್ತೆ ಕಾಣ್ತದೋ ಇಲ್ಲೋ, ಜನ, ಕಾವಲು, ನಡೆಯೋ ಹಾದಿ, ಬಸ್ಸು-ಆಟೋ, ಹೆಂಗಸರ ಪ್ರಮಾಣ, ಕಡೀಕ ಅನಿಸಿಕೆ. ಒಂದೊಂದಕ್ಕ 0ಯಿಂದ 3 ಅಂಕ.

ಬೆಳಕಿನ ಲೆಕ್ಕ ತಪ್ಪೋದು ಹಿಂಗ: ಕಂಬದ ಬುಡಕ್ಕ ನಿಂತು ಅಳೀತಾರ. ಕಂಬದ ಬುಡಕ್ಕೊಮ್ಮೆ, ಎರಡು ಕಂಬದ ನಟ್ಟನಡುವ ಇನ್ನೊಮ್ಮೆ ಅಳೀರಿ. ಎರಡರ ನಡುವಿನ ಫರಕೇ ಹೆದರಿಕಿ. ಝಗ್ಗನ ಬೆಳಕಿಂದ ಕತ್ತಲಿಗೆ ಕಾಲಿಟ್ರ ಕಣ್ಣಿಗೆ ಏನೂ ಕಾಣಂಗಿಲ್ಲ. ಕಡೀತನ ಒಂದೇ ಮೊಬೈಲ್ ಬಳಸ್ರಿ, ಒಂದೊಂದರ ಬೆಳಕು ಅಳೆಯೋ ಸೆನ್ಸರ್ ಒಂದೊಂದು ನಮೂನಿ. ಹುಣ್ಣಿಮಿ ಆಸುಪಾಸು ಬ್ಯಾಡ.

ಜನ ಎಣಿಸೋದು 7, 8.30, 10 ಗಂಟೇಕ, 15 ನಿಮಿಷದಂಗ. ನಡಿಯೋರನ್ನ ಬ್ಯಾರೆ, ನಿಂತೋರನ್ನ ಬ್ಯಾರೆ ಬರೀರಿ. ಚಹಾದ ಅಂಗಡಿ ಮುಂದ ಸುಮ್ನ ನಿಂತ ಹೆಂಗಸರು ಎಷ್ಟು ಅನ್ನೋದರಾಗ ಅರ್ಧ ಪ್ರಬಂಧ ಐತಿ.

ಮಾತಾಡಿಸುವಾಗ ‘ನಿಮಗ ಭಯ ಐತೇನ್ರಿ’ ಅಂತ ಸುರು ಮಾಡಬ್ಯಾಡ್ರಿ, ಹೂಂ ಅಂತಾರ, ಮುಗೀತು. ‘ಯಾವ ಹಾದಿ ಬಿಟ್ಟು ಸುತ್ತು ಹಾಕಿ ಹೋಗ್ತೀರಿ, ಎಷ್ಟೊತ್ತಿನ ಮ್ಯಾಲೆ’ ಅಂತ ಕೇಳಿ ನಕ್ಷಾದ ಮ್ಯಾಲೆ ಗೆರಿ ಹಾಕಸ್ರಿ. ಮನ್ಯಾಗ ಅತ್ತಿ ಬಾಜೂಕ ಕುಂತಿದ್ರ ಉತ್ತರ ಬದಲಾಗ್ತಾವು.

ವಾರ್ಡ್_82:
ರಾಜಕಾರಣ ಬೇರೆ ಅಧ್ಯಾಯವಲ್ಲ, ಎರಡು ಕಂಬಗಳ ನಡುವಿನ ಆ ಕತ್ತಲೆಯಲ್ಲೇ ಇದೆ. ದೀಪ ಯಾರದ್ದು ಎಂದು ಹಿಡಿದು ಹೊರಡಿ: ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂನದು, ಬೀದಿದೀಪದ ನಿರ್ವಹಣೆ ಪಾಲಿಕೆಯದು, ಹಸ್ತಾಂತರವಾಗದ ಬಡಾವಣೆಯಾದರೆ ಪಾಲಿಕೆ ಕೈ ತೊಳೆದುಕೊಳ್ಳುತ್ತದೆ. 2021ರ ಚುನಾವಣೆಯಲ್ಲಿ ಪಾಲಿಕೆಯ 82 ವಾರ್ಡ್‌ಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿದ್ದವು. ಸಾಮಾನ್ಯ ಸಭೆಯ ನಡಾವಳಿ ತೆಗೆದು ಬೀದಿದೀಪ, ಶೌಚಾಲಯ, ಸಿಸಿಟಿವಿ ವಿಷಯ ಎತ್ತಿದವರು ಯಾರು, ಯಾವುದಕ್ಕೆ ಹಣ ಮಂಜೂರಾಯಿತು ಎಂದು ಪಟ್ಟಿ ಮಾಡಿ. ಕ್ಯಾಮೆರಾಕ್ಕೆ ಉದ್ಘಾಟನೆ ಇರುತ್ತದೆ, ಬಲ್ಬ್ ಬದಲಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಆರ್‌ಟಿಐ ಹಾಕುವುದಾದರೆ ಕರ್ನಾಟಕದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಶುಲ್ಕ 10 ರೂಪಾಯಿ. ನಡಾವಳಿ, ದೀಪದ ಗುತ್ತಿಗೆ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ನ ಗಂಟೆವಾರು ಲೆಕ್ಕ ಎಲ್ಲವನ್ನೂ ಒಂದರಲ್ಲೇ ತುಂಬಿದರೆ ವಾಪಸ್. ಉತ್ತರಕ್ಕೆ 30 ದಿನ, ಆದ್ದರಿಂದ ಮೊದಲ ವಾರವೇ ಹಾಕಿ.

ಇನ್ನೊಂದು. 2024ರ ಏಪ್ರಿಲ್-ಮೇಯಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆಯಾದದ್ದು ಲೋಕಸಭಾ ಚುನಾವಣೆಯ ಹೊತ್ತಿನಲ್ಲೇ. ಆಗಿನ ಹೇಳಿಕೆಗಳಲ್ಲಿ ‘ನಮ್ಮ ಹೆಣ್ಣುಮಕ್ಕಳ ರಕ್ಷಣೆ’ ಎಂದವರು ಎಷ್ಟು, ‘ಅವರ ಹಕ್ಕು’ ಎಂದವರು ಎಷ್ಟು ಎಂದು ಬಿಡಿಸಿ ನೋಡಿ. ರಕ್ಷಣೆ ಎಂದಕೂಡಲೇ ಹೆಣ್ಣುಮಕ್ಕಳ ಬಾಗಿಲು ಬೇಗ ಮುಚ್ಚುತ್ತದೆ. ಬೇಕಿದ್ದರೆ ಧಾರವಾಡದ ಸಪ್ತಾಪುರದ ಲೇಡೀಸ್ ಪಿಜಿಗಳ ಗೇಟ್ ಹಾಕುವ ಹೊತ್ತನ್ನೂ ಅಲ್ಲಿನ ಓದುಕೋಣೆಗಳ ಹೊತ್ತನ್ನೂ ಅಕ್ಕಪಕ್ಕ ಬರೆದು ನೋಡಿ.

ಮಾಳಮಡ್ಡಿ_ಓದುಗ:
ಪ್ರಶ್ನಾವಳಿ ಕೈಬಿಟ್ಟೆ. ಪಿಜಿಯಲ್ಲಿ 17 ವರ್ಷದ ಪಿಯು ವಿದ್ಯಾರ್ಥಿನಿಯರೂ ಇರುತ್ತಾರಲ್ಲ, ಅವರನ್ನು ಮಾತಾಡಿಸಬಹುದೇ?

ಕಡತದ_ಹುಳ:
ಪಾಲಕರ ಒಪ್ಪಿಗೆ, ವಿಭಾಗದ ಅನುಮತಿ ಎರಡೂ ಬೇಕು. ಅದಕ್ಕಿಂತ ದೊಡ್ಡದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಕಲಂ 19: 18ರ ಒಳಗಿನವರ ಮೇಲಿನ ಲೈಂಗಿಕ ಅಪರಾಧ ನಿಮಗೆ ತಿಳಿದರೆ ಪೊಲೀಸರಿಗೆ ಹೇಳಲೇಬೇಕು. ‘ಗುಟ್ಟಾಗಿಡುತ್ತೇನೆ’ ಎಂದು ಮಾತು ಕೊಟ್ಟು ಆಮೇಲೆ ಮುರಿಯುವಂತಾಗುತ್ತದೆ. ನಾಲ್ಕು ತಿಂಗಳ ಕೆಲಸಕ್ಕೆ 18 ದಾಟಿದವರನ್ನಷ್ಟೇ ಇಟ್ಟುಕೊಳ್ಳಿ.