ದಿಂಬಿನ ಕೆಳಗಿನ ಕಾದಂಬರಿ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಅತ್ತೆ (ಬೇರೆ ಗುಂಪಿನಿಂದ ಬಂದ ಸಂದೇಶ): ಪೋಷಕರೇ, ಎಚ್ಚರ! ಮಾನಸಿಕ ಕಾಯಿಲೆಯ ಕಥೆಗಳನ್ನು ಓದುವ ಹದಿಹರೆಯದ ಮಕ್ಕಳಿಗೆ ಅದೇ ಕಾಯಿಲೆ ಅಂಟುತ್ತದೆ ಎಂದು ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ. ಇಂದೇ ಮಕ್ಕಳ ಚೀಲ ಪರಿಶೀಲಿಸಿ. ಕನಿಷ್ಠ 10 ಗುಂಪುಗಳಿಗೆ ಕಳುಹಿಸಿ.

ಅತ್ತೆ: ನಮ್ಮ ಮಗಳ ದಿಂಬಿನ ಕೆಳಗೂ ಇಂಥದೇ ಕಾದಂಬರಿ ಸಿಕ್ಕಿದೆ. ಮೂವರು ಗೆಳತಿಯರು, ಅವರಲ್ಲಿ ಒಬ್ಬಳಿಗೆ ಖಿನ್ನತೆ ಎಂದು ಹಿಂಬದಿಯ ರಕ್ಷಾಪುಟದಲ್ಲಿದೆ. ಅವಳಿಗೆ ಸಿಗದಂತೆ ಎತ್ತಿಟ್ಟಿದ್ದೇನೆ.

ಅಕ್ಕ: ಯಾವ ವಿಜ್ಞಾನಿ, ಯಾವ ವರ್ಷದ ಅಧ್ಯಯನ, ಎಷ್ಟು ಮಕ್ಕಳನ್ನು ಗಮನಿಸಿದ್ದರು ಎಂಬ ಒಂದು ಮಾತೂ ಇದರಲ್ಲಿಲ್ಲ. ಅತ್ತೆ, ಆಧಾರ ಸಿಗುವವರೆಗೆ ಇದನ್ನು ಬೇರೆಲ್ಲಿಗೂ ಕಳುಹಿಸಬೇಡಿ.

ದೊಡ್ಡಪ್ಪ: ಹಿರಿಯರು ಏನು ಹೇಳಿದರೂ ಆಧಾರ ಕೇಳುವುದು ನಿನ್ನ ಹಳೆಯ ಅಭ್ಯಾಸ. ಜರ್ಮನ್ ಲೇಖಕ ಗಯಟೆಯ ವರ್ಥರ್ ಕಾದಂಬರಿ 1774ರಲ್ಲಿ ಪ್ರಕಟವಾದ ಮೇಲೆ, ಯುವಕರು ಆತ್ಮಹತ್ಯೆ ಮಾಡಿಕೊಳ್ಳುವ ಅದರ ನಾಯಕನ ದಾರಿಯನ್ನೇ ಹಿಡಿದಾರೆಂಬ ಭಯದಿಂದ ಲೈಪ್ಜಿಗ್ ನಗರದಲ್ಲಿ ಅದನ್ನು ನಿಷೇಧಿಸಿದ್ದರು. ಓದು ಮನಸ್ಸನ್ನು ಮೇಲೆತ್ತಬೇಕೇ ಹೊರತು ಕುಗ್ಗಿಸಬಾರದು.

ಅಕ್ಕ: ದೊಡ್ಡಪ್ಪ, ಹಾಗೆ ಅನುಕರಿಸುವುದಕ್ಕೆ ‘ವರ್ಥರ್ ಪರಿಣಾಮ’ ಎಂದು 1974ರಲ್ಲಿ ಹೆಸರಿಟ್ಟವರು ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್. ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ಪತ್ರಿಕೆಯ ಮುಖಪುಟದಲ್ಲಿ ಬಂದ ಆತ್ಮಹತ್ಯೆಯ ಸುದ್ದಿಗಳನ್ನು, ಕಾದಂಬರಿಗಳನ್ನಲ್ಲ. 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಇನ್ನೊಂದು ಮಗ್ಗುಲನ್ನೂ ತೋರಿಸಿದರು: ಅಂಥ ಯೋಚನೆ ಬಂದರೂ ಬಿಕ್ಕಟ್ಟನ್ನು ದಾಟಿದವರ ಬಗ್ಗೆ ಪತ್ರಿಕೆಗಳು ಬರೆದ ಮೇಲೆ ಆತ್ಮಹತ್ಯೆಯ ಪ್ರಮಾಣ ತಗ್ಗಿದ್ದು ಅವರಿಗೆ ಕಂಡುಬಂತು. ಇನ್ನು ಅಭ್ಯಾಸದ ಮಾತು. ಹದಿನಾರನೆಯ ವಯಸ್ಸಿನಲ್ಲಿ ನಾನು ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳದಿದ್ದಾಗ ಅದನ್ನು ಸೋಮಾರಿತನ ಎಂದವರು ನೀವು. ಆ ಮಾತಿಗೂ ಆಧಾರವಿರಲಿಲ್ಲ.

ಚಿಕ್ಕಪ್ಪನ ಮಗ: ಆ ರಜೆ ನನಗೆ ಚೆನ್ನಾಗಿ ನೆನಪಿದೆ. ನಾವೆಲ್ಲ ಪಠ್ಯಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಬಚ್ಚಿಟ್ಟು ಓದುತ್ತಿದ್ದೆವು. ಅಕ್ಕ ಮಾತ್ರ ಕಿಟಕಿಯ ಬಳಿ ಪುಸ್ತಕ ತೆರೆದು ಕೂತಿರುತ್ತಿದ್ದಳು, ಸಂಜೆಯಾದರೂ ಅದೇ ಪುಟ.

ದೊಡ್ಡಪ್ಪ: ಅಷ್ಟು ಹಿಂದಿನ ಮಾತನ್ನು ಎಲ್ಲರೆದುರು ಎತ್ತುವುದು ಸಭ್ಯತೆಯಲ್ಲ.

ನಾನು: ಇಷ್ಟು ಹೊತ್ತು ಮಾತಾಡಿದ ಯಾರೂ ಆ ಕಾದಂಬರಿಯನ್ನು ಓದಿಲ್ಲ. ಅತ್ತೆ, ನಾನು ಓದಿದ್ದೇನೆ. ಅದರಲ್ಲಿ ಕಾಯಿಲೆಯನ್ನು ಮೆರೆಸಿಲ್ಲ. ಯಾರು ಕೇಳಿದರೂ ‘ಚೆನ್ನಾಗಿದ್ದೇನೆ’ ಎನ್ನುವ ಹುಡುಗಿಯೊಬ್ಬಳು ತನಗೆ ಬದುಕು ಬೇಡವೆನಿಸುತ್ತಿದೆ ಎಂದು ಗೆಳತಿಯರಿಗೆ ಹೇಳಿ, ಯಾರಿಗೂ ತಿಳಿಸಬಾರದೆಂದು ಆಣೆ ಹಾಕಿಸಿಕೊಳ್ಳುತ್ತಾಳೆ. ಅವರಲ್ಲೊಬ್ಬಳು ಒಂಬತ್ತನೆಯ ಅಧ್ಯಾಯದಲ್ಲಿ ಆಣೆ ಮುರಿದು ತನ್ನ ತಾಯಿಗೆ ಹೇಳುತ್ತಾಳೆ. ಸ್ನೇಹ ಕೆಡುತ್ತದೆ, ಜೀವ ಉಳಿಯುತ್ತದೆ. ಪುಸ್ತಕದ ತಿರುಳೇ ಅದು. ನನ್ನ ತಕರಾರು ಬೇರೆ: ಔಷಧಿಯ ಗುಣ ಕಾಣಲು ವಾರಗಳೇ ಬೇಕಾಗುವ ಕಾಯಿಲೆಯನ್ನು ಲೇಖಕರು ಎರಡೇ ಪುಟಗಳಲ್ಲಿ ವಾಸಿಮಾಡಿಬಿಟ್ಟಿದ್ದಾರೆ. ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರೆಲ್ಲ ಕಾದಂಬರಿ ಓದಿ ಕಾಯಿಲೆ ಬಿದ್ದವರಲ್ಲ. ‘ಸಾಯಬೇಕೆನಿಸುತ್ತದೆಯೇ’ ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಎಂಬುದೂ ತಪ್ಪು ನಂಬಿಕೆಯೆಂದು ಅದೇ ಸಂಸ್ಥೆ ಹೇಳಿದೆ. ಅವಳನ್ನು ಏನಾದರೂ ಕೇಳಿದಿರಾ?

ಅತ್ತೆ: ಕೇಳಿಲ್ಲ. ಮೂರು ವಾರದಿಂದ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಾಳೆ, ರಾತ್ರಿಯೆಲ್ಲ ಅವಳ ಕೋಣೆಯ ದೀಪ ಉರಿಯುತ್ತಿರುತ್ತದೆ. ಪುಸ್ತಕ ಸಿಕ್ಕಿದಾಗ ಕಾರಣ ಗೊತ್ತಾಯಿತು ಎಂದುಕೊಂಡೆ. ಈಗ ತೆರೆದು ನೋಡಿದೆ. ಒಂದೇ ಒಂದು ಪುಟದ ಮೂಲೆ ಮಡಚಿದ್ದಾಳೆ, ಅದು ಒಂಬತ್ತನೆಯ ಅಧ್ಯಾಯದಲ್ಲಿದೆ.

ಅಕ್ಕ: ಅತ್ತೆ, ಪುಸ್ತಕವನ್ನು ಅವಳ ಕೈಗೇ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಬೈಯಬೇಡಿ, ಒಬ್ಬಳನ್ನೇ ಬಿಡಬೇಡಿ. ನಾನು ಹೊರಟಿದ್ದೇನೆ, ಬೆಳಿಗ್ಗೆ ವೈದ್ಯರ ಬಳಿಗೆ ಒಟ್ಟಿಗೆ ಹೋಗೋಣ.

ದೊಡ್ಡಪ್ಪ: ತಡಿ, ನಾನೂ ಬರುತ್ತೇನೆ.